ಉಬರ್ ಏರಿದ ರಬ್ಬರ್ ಮೀನು

ವಿಚಿತ್ರ ಅನುಭವ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಮದುವೆ ಹಾಲ್‌ನಲ್ಲಿ ಊಟ ಮುಗಿಸಿ, 'ನಮ್ಮ ಭಾವನಿಗೆ ಒಮ್ಮೆ ಚಾರ್ಮಾಡಿಯಲ್ಲಿ ಎಂತಾಯ್ತು ಗೊತ್ತುಂಟಾ' ಎಂದು ಯಾರಾದರೂ ಸ್ವರ ತಗ್ಗಿಸಿದರೆ ಸಾಕು, ನಾನು ಐಸ್‌ಕ್ರೀಮ್ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಆಗುವುದೆಲ್ಲ ಯಾವಾಗಲೂ ಭಾವನಿಗೇ, ಹೇಳುವವರಿಗೆ ಏನೂ ಆಗಿರುವುದಿಲ್ಲ. ಭಾವನನ್ನು ಕೇಳಿದರೆ ಅವನು ತನ್ನ ಗೆಳೆಯನ ಕಡೆಗೆ ಬೆರಳು ತೋರಿಸುತ್ತಾನೆ. ಓದಿದವರೂ ಇಂಥ ಅಡಗೂಲಜ್ಜಿ ಕತೆಗಳನ್ನು ಬಾಯಿ ಬಿಟ್ಟು ಕೇಳುವುದನ್ನು ನೋಡಿ, ಇವರ ಸರ್ಟಿಫಿಕೇಟುಗಳನ್ನು ವಾಪಸು ತೆಗೆದುಕೊಳ್ಳಬೇಕು ಎಂದು ಎಷ್ಟೋ ಸಲ ಅನ್ನಿಸಿದೆ. ಈಗ ನಾನೇ ಒಂದು ಹೇಳಲು ಕುಳಿತಿದ್ದೇನೆ. ನೀವು ಎದ್ದು ಹೋದರೆ ನನಗೆ ಬೇಜಾರಿಲ್ಲ.

ನಾನು ಮೂಡುಬಿದಿರೆ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವವಳು. ಕೆಲವು ವರ್ಷಗಳ ಹಿಂದೆ ನಮ್ಮ ವಿಭಾಗದ ಮುಖ್ಯಸ್ಥರ ತಲೆಗೆ ಸಮುದ್ರ ಹೊಕ್ಕಿತು. ಸಮುದ್ರದ ನೀರು ಎಷ್ಟು ಬಿಸಿಯಾಗುತ್ತಿದೆ, ಉಪ್ಪು ಎಷ್ಟಿದೆ ಎಂದು ಅಳೆಯುವ ಉಪಕರಣಗಳನ್ನು ನೀರಿನಡಿ ಇಡುತ್ತಾರಲ್ಲ, ಅವುಗಳ ದೊಡ್ಡ ತೊಂದರೆ ಬ್ಯಾಟರಿ. ಖಾಲಿಯಾದರೆ ಬದಲಿಸಲು ಬೋಟು ಮಾಡಿಕೊಂಡು ಹೋಗಬೇಕು. ಅದರ ಬದಲು ಮೀನಿನ ಆಕಾರದ ಒಂದು ಸಾಧನ ಮಾಡಿ, ಅದರ ಬಾಲ ನೀರಿನ ಸೆಳೆತಕ್ಕೆ ಅಲ್ಲಾಡುವಾಗ ಹುಟ್ಟುವ ಚೂರು ವಿದ್ಯುತ್ತಿನಿಂದಲೇ ಅದು ಅಳತೆ ಮಾಡುತ್ತಿರಲಿ ಎಂಬುದು ಯೋಜನೆ. ಯೋಚನೆ ಕೆಟ್ಟದ್ದಲ್ಲ, ನಾನೂ ಒಪ್ಪುತ್ತೇನೆ. ಆದರೆ ಮುಖ್ಯಸ್ಥರು ಕೆಲಸ ಶುರುವಾಗುವ ಮೊದಲೇ ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಆಗ ಅಲ್ಲಿದ್ದದ್ದು ಥರ್ಮಾಕೋಲಿನ ಮಾದರಿ. ಅದನ್ನು ತಿರುಗಾಮುರುಗಾ ಹಿಡಿದಿದ್ದರು, ಬಾಲ ಅವರ ಮೂಗಿನ ಹತ್ತಿರ ಇತ್ತು. ಪೇಪರಿನಲ್ಲೂ ಹಾಗೆಯೇ ಬಂತು.

ಕೆಲಸ ಮಾಡಿದ್ದು ನಾನು. ಒಂದೂವರೆ ಅಡಿ ಉದ್ದದ ಮೈ, ಮೆತ್ತನೆಯ ರಬ್ಬರಿನ ಬಾಲ, ಬಾಲದೊಳಗೆ ಬಾಗಿದಾಗಲೆಲ್ಲ ವಿದ್ಯುತ್ ಕೊಡುವ ತೆಳ್ಳಗಿನ ಹಾಳೆಗಳು. ಹೊಟ್ಟೆಯಲ್ಲಿ ನೀರಿನ ಶಾಖ ಮತ್ತು ಉಪ್ಪು ಅಳೆದು, ಗಂಟೆ ಸಮೇತ ಬರೆದಿಟ್ಟುಕೊಳ್ಳುವ ಒಂದು ಪುಟ್ಟ ಸರ್ಕ್ಯೂಟು. ನೀರಿನಿಂದ ಹೊರಗೆ ತೆಗೆದರೆ ಅದನ್ನೂ ಬರೆದುಕೊಳ್ಳುತ್ತಿತ್ತು. ಇದರಲ್ಲಿ ಮೋಟಾರು ಇಲ್ಲ, ಈ ಒಂದು ಮಾತನ್ನು ನೆನಪಿಡಿ. ಅದು ಈಜುವ ಮೀನಲ್ಲ. ಅದರ ಬಾಲ ನೀರನ್ನು ತಳ್ಳುವುದಿಲ್ಲ, ನೀರು ಅದರ ಬಾಲವನ್ನು ತಳ್ಳುತ್ತದೆ. ಕಟ್ಟಿ ಹಾಕಿದರೆ ಇದ್ದಲ್ಲೇ ಬಾಲ ಅಲ್ಲಾಡಿಸುತ್ತದೆ, ಬಿಟ್ಟರೆ ತೆಂಗಿನಕಾಯಿಯ ಹಾಗೆ ತೇಲಿಕೊಂಡು ಹೋಗುತ್ತದೆ.

ಸಮುದ್ರಕ್ಕೆ ಇಳಿಸುವ ಮೊದಲು ಹರಿಯುವ ನೀರಿನಲ್ಲಿ ಪರೀಕ್ಷೆ ಮಾಡಬೇಕಿತ್ತು. ಬಂಟ್ವಾಳದಲ್ಲಿ ನೇತ್ರಾವತಿಯ ಹಳೆಯ ಕಡವಿನ ಬಳಿ ಜಾಗ ನೋಡಿದೆವು. ಹಿಂದೆ ಆ ಕಡವಿನಲ್ಲಿ ಜನರನ್ನು ದಾಟಿಸುತ್ತಿದ್ದ ಉಮ್ಮರಬ್ಬ ಎಂಬವರು ಅಲ್ಲೇ ಇದ್ದರು. ಅರವತ್ತು ದಾಟಿದ ಮನುಷ್ಯ. ಎಲ್ಲರೂ ಉಮ್ಮರಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಜೆಸಿಬಿ ಓಡಿಸುತ್ತಿದ್ದ ಅವರ ಮಗ ರಫೀಕ್ ಹೊಳೆಯಲ್ಲಿ ಕಬ್ಬಿಣದ ಪೈಪು ಹುಗಿದು ಕೊಟ್ಟ. ಮೇ ತಿಂಗಳ ಕೊನೆಗೆ, ಮಳೆ ಶುರುವಾಗುವ ಮೊದಲು, ನಾವು ಮೀನನ್ನು ಅದಕ್ಕೆ ಕಟ್ಟಲು ಹೋದೆವು.

ಉಮ್ಮರಾಕ ಮೀನನ್ನು ಕೈಯಲ್ಲಿ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದರು.

"ಟೀಚರೇ, ಇದರ ಮುಖ ನೀರು ಇಳಿಯುವ ಬದಿಗೆ, ಕೆಳಗೆ ಮಾಡಿ ಕಟ್ಟುವ."

ಆಗುವುದಿಲ್ಲ, ಮುಖ ನೀರಿಗೆ ಎದುರಾಗಿ ಇದ್ದರೆ ಮಾತ್ರ ಬಾಲ ಸರಿಯಾಗಿ ಅಲ್ಲಾಡುತ್ತದೆ ಎಂದೆ.

"ಅದು ಸರಿ. ಆದರೆ ಇನ್ನು ಉಬರಿನ ಸಮಯ ಅಲ್ವಾ? ಮುಖ ಮೇಲೆ ಮಾಡಿದ್ರೆ ಹೋಗ್ತದೆ ಇದು."

ಉಬರ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೊದಲ ದೊಡ್ಡ ಮಳೆಗೆ ಹೊಳೆಯಲ್ಲಿ ಕೆಂಪು ನೀರು ಬಂದಾಗ ಮೀನುಗಳು ಮೊಟ್ಟೆ ಇಡಲು ನೀರಿಗೆ ಎದುರಾಗಿ ಮೇಲಕ್ಕೆ, ಸಣ್ಣ ಹಳ್ಳದಂಥ ತೋಡು, ಗದ್ದೆಗಳವರೆಗೆ ಏರುತ್ತವೆ. ಅದೇ ಉಬರ್. ಆ ಒಂದು ವಾರ ನಮ್ಮ ಕಡೆಯ ಗಂಡಸರು ಕೆಲಸ ಕಾರ್ಯ ಬಿಟ್ಟು ತೋಡಿನಲ್ಲೇ ಇರುತ್ತಾರೆ. ರಬ್ಬರಿನ ಮೀನು ಉಬರ್ ಏರುತ್ತದೆ ಎಂದು ಈ ಮನುಷ್ಯ ನಗದೆ ಹೇಳುತ್ತಿದ್ದಾರೆ! ನನಗೆ ನಗು ತಡೆಯಲಾಗಲಿಲ್ಲ. "ಹೌದಾ ಉಮ್ಮರಾಕ? ಮೊಟ್ಟೆ ಇಟ್ಟರೆ ನನಗೂ ಎರಡು ಕೊಡಿ" ಎಂದೆ. ಜೊತೆಗಿದ್ದ ವಿದ್ಯಾರ್ಥಿಗಳು ಹೋ ಎಂದು ನಕ್ಕರು. ಉಮ್ಮರಾಕ ನಾನು ಹೇಳಿದ ಹಾಗೆಯೇ ಮುಖ ಮೇಲೆ ಮಾಡಿ, ನೈಲಾನ್ ಹಗ್ಗದಿಂದ ತಮ್ಮದೇ ಒಂದು ಗಂಟು ಹಾಕಿದರು. ದೋಣಿಯವರ ಗಂಟು ಅದು. ನಾನು ಬಿಚ್ಚಲು ನೋಡಿದೆ, ಉಗುರು ಮುರಿಯಿತು.

ಜೂನ್ ಮೊದಲ ವಾರ ಮಳೆ ಹೊಡೆಯಿತು. ಎರಡು ದಿನ ಬಿಟ್ಟು ಬಂಟ್ವಾಳಕ್ಕೆ ಹೋದರೆ ಪೈಪು ಇದೆ, ಹಗ್ಗ ಇದೆ, ಮೀನು ಇಲ್ಲ. ಹಗ್ಗ ಕಡಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ತುದಿ ನೆಟ್ಟಗಿತ್ತು, ಎಲ್ಲೂ ಸವೆದಿರಲಿಲ್ಲ. ಗಂಟು ಬಿಚ್ಚಿತ್ತು. ಆ ಗಂಟು ಬಿಚ್ಚಲು ಬರುವವರು ಊರಲ್ಲಿ ಎಷ್ಟು ಜನ? ನನ್ನ ತಲೆಯಲ್ಲಿ ಲೆಕ್ಕ ಒಂದು ನಿಮಿಷದಲ್ಲಿ ಮುಗಿಯಿತು.

ಉಮ್ಮರಾಕನನ್ನು ಕೇಳಿದೆ. "ನಾನು ಹೇಳಿದ್ದೆ ಅಲ್ವಾ ಟೀಚರೇ, ಹೋಗ್ತದೆ ಅಂತ" ಎಂದರು. ನನ್ನ ಪಿತ್ತ ನೆತ್ತಿಗೇರಿತು. ಕದ್ದದ್ದೂ ಅಲ್ಲದೆ ನನ್ನ ಕಿವಿಗೆ ಹೂ ಇಡಲು ಬರುತ್ತಾರೆ! "ಗುಜರಿಯವನಿಗೆ ಎಷ್ಟಕ್ಕೆ ಕೊಟ್ಟಿರಿ?" ಎಂದು ಕೇಳಿಯೇಬಿಟ್ಟೆ. ಅವರು ಹೆಗಲ ಮೇಲಿದ್ದ ಬೈರಾಸನ್ನು ತೆಗೆದು ಮುಖ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಆಗ ಎಲ್ಲರ ಎದುರು ಹೇಳಿದೆ. ಮಳೆಯಲ್ಲಿ ನೆನೆದ ಮನುಷ್ಯ ಮುಖ ಒರೆಸಿಕೊಂಡದ್ದು, ಅಷ್ಟೇ. ಇದು ಈಗ ಹೊಳೆಯುವ ಮಾತು.

ಸಂಜೆಯೇ ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ. ಅಪ್ಪ, ಮಗ ಇಬ್ಬರ ಹೆಸರನ್ನೂ ಹಾಕಿದೆ. ಬರವಣಿಗೆಯಲ್ಲಿ ನನ್ನದು ಒಳ್ಳೆಯ ಕೈ. ಎಲ್ಲಿಯೂ ಸಂಶಯಕ್ಕೆ ಎಡೆ ಇಲ್ಲದ ಹಾಗೆ ಬರೆದೆ.

ನಾಲ್ಕು ದಿನದ ಮೇಲೆ ರಫೀಕ್ ಮೂಡುಬಿದಿರೆಗೆ, ಕಾಲೇಜಿಗೇ ಬಂದ. ಸ್ಟಾಫ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಸೌದಿಯ ದಮಾಮಿನಲ್ಲಿ ಅವನಿಗೆ ಜೆಸಿಬಿ ಕೆಲಸ ಸಿಕ್ಕಿದೆ, ವೀಸಾ ಬಂದಿದೆ. ತಿಂಗಳ ಕೊನೆಯೊಳಗೆ ಪೊಲೀಸ್ ಕ್ಲಿಯರೆನ್ಸ್ ಕಾಗದ ಕೊಡದಿದ್ದರೆ ಏಜೆಂಟ್ ಆ ಕೆಲಸವನ್ನು ಬೇರೆಯವನಿಗೆ ಕೊಡುತ್ತಾನೆ. ನನ್ನ ದೂರು ಇರುವವರೆಗೆ ಆ ಕಾಗದ ಸಿಗುವುದಿಲ್ಲ.

"ಮೇಡಂ, ಬೇಕಾದ್ರೆ ಮನೆಗೆ ಬಂದು ಹುಡುಕಿ. ನನ್ನ ಹೆಸರೊಂದು ತೆಗೆಯಿರಿ. ಮೂರು ವರ್ಷದಿಂದ ಕಾದದ್ದು ಇದಕ್ಕೆ."

ನಾನು ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಮೀನು ತಂದುಕೊಡು, ಹೆಸರು ತೆಗೆಯುತ್ತೇನೆ" ಎಂದೆ. ಅವನು ಚಪ್ಪಲಿ ಮೆಟ್ಟಿ ಹೋದ. ಅವರ ಜಾತಿ ಧರ್ಮ ನೋಡಿ ಹಾಗೆ ಮಾಡಿದ್ದಲ್ಲ, ಪ್ರಾಮಾಣಿಕವಾಗಿ ಹೇಳುತ್ತೇನೆ. ಶಾಲೆ ಮೆಟ್ಟಿಲು ಹತ್ತದವರ ಮಾತಿಗೆ ನನ್ನಲ್ಲಿ ಬೆಲೆ ಇರಲಿಲ್ಲ. ಅದೂ ಜಾತಿ ನೋಡುವುದಕ್ಕಿಂತ ಒಳ್ಳೆಯ ರೋಗವೇನಲ್ಲ.

ಮೀನು ಕಾಣೆಯಾಗಿ ಹನ್ನೊಂದನೇ ದಿನ ಮಧ್ಯಾಹ್ನ ಒಂದು ಫೋನ್ ಬಂತು. ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ದಾರಿಯಲ್ಲಿ ಯಾವುದೋ ತೋಡಿನ ಬದಿಯಿಂದ ಸುಂದರ ಎಂಬವನು ಮಾತಾಡುತ್ತಿದ್ದ. ರಬ್ಬರ್ ಟ್ಯಾಪಿಂಗ್ ಮಾಡುವವನಂತೆ. "ನಿಮ್ಮದೊಂದು ಮೀನು ಉಂಟು ಇಲ್ಲಿ. ಬೆನ್ನ ಮೇಲೆ ನಿಮ್ಮ ನಂಬರ್ ಉಂಟು."

ನನಗೆ ಆದ ಖುಷಿ ಹೇಳತೀರದು. ಸಿಕ್ಕಿಬಿದ್ದರು! ನೇತ್ರಾವತಿ ಬೆಳ್ತಂಗಡಿಯ ಕಡೆಯಿಂದ ಬಂಟ್ವಾಳಕ್ಕೆ ಇಳಿಯುತ್ತದೆ, ಅಲ್ಲಿಂದ ಸಮುದ್ರಕ್ಕೆ. ಕೊಚ್ಚಿಕೊಂಡು ಹೋಗಿದ್ದರೆ ಮಂಗಳೂರಿನಲ್ಲಿ ಸಿಗಬೇಕು. ಮೂವತ್ತು ನಲವತ್ತು ಕಿಲೋಮೀಟರ್ ಮೇಲೆ ಸಿಕ್ಕಿದೆ ಎಂದರೆ ಯಾರೋ ಗಾಡಿಯಲ್ಲಿ ಸಾಗಿಸಿದ್ದಾರೆ, ಮಾರಲಾಗದೆ ತೋಡಿಗೆ ಎಸೆದಿದ್ದಾರೆ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಕ್ಲಾಸು ಬಿಟ್ಟು ಕಾರು ಹತ್ತಿದೆ.

ಮಳೆ ಬಿಟ್ಟಿತ್ತು, ಸಂಜೆ ನಾಲ್ಕರ ಒಳ್ಳೆಯ ಬೆಳಕು ಇತ್ತು. ಕತ್ತಲೆ, ಗೂಬೆ, ನಾಯಿ ಊಳಿಡುವುದು ಯಾವುದೂ ಇರಲಿಲ್ಲ. ಸುಂದರ ಮೀನನ್ನು ಮುಟ್ಟಿರಲಿಲ್ಲ. ಅದು ಇನ್ನೂ ಅವನ ಕೂಳಿಯೊಳಗೇ ಇತ್ತು, ನೀರಿನಲ್ಲಿ. ಕೂಳಿ ಎಂದರೆ ಉಬರ್ ಮೀನು ಹಿಡಿಯಲು ತೋಡಿನಲ್ಲಿ ಇಡುವ ಬಿದಿರಿನ ಉದ್ದ ಬುಟ್ಟಿ. ಒಳಗೆ ಹೊಕ್ಕಿದ್ದು ಹೊರಗೆ ಬರಲಾರದು.

"ಯಾರು ತಂದು ಹಾಕಿದ್ದು?" ಎಂದು ಕೇಳಿದೆ.

"ಯಾರು ಹಾಕ್ಲಿಕ್ಕುಂಟು ಮೇಡಂ? ತಾನೇ ಹೊಕ್ಕಿದ್ದು."

"ಮೇಲಿನಿಂದ ತೇಲಿಕೊಂಡು ಬಂದಿರಬೇಕು."

ಅವನು ನನ್ನನ್ನು ನೋಡಿದ ನೋಟ ನನಗೆ ಚೆನ್ನಾಗಿ ಪರಿಚಯ. ಮೊದಲ ಬೆಂಚಿನಲ್ಲಿ ಕುಳಿತು ಪೆದ್ದು ಪ್ರಶ್ನೆ ಕೇಳುವವರನ್ನು ನಾನು ಹಾಗೆಯೇ ನೋಡುವುದು. "ಎಂತ ಮಾರಾಯ್ರೆ, ಕಲಿತವರು ನೀವು. ಏರುವ ಮೀನಿಗೆ ಇಡುವ ಕೂಳಿಗೆ ಬಾಯಿ ಇರುವುದು ಕೆಳಗೆ. ಮೇಲಿನ ಬದಿ ಮುಚ್ಚಿದೆ ನೋಡಿ. ಮೇಲಿನಿಂದ ಬಂದದ್ದು ಇದಕ್ಕೆ ಬೀಳುವುದು ಹೇಗೆ?"

ಬಗ್ಗಿ ನೋಡಿದೆ. ಹೌದು. ಬಾಯಿ ಕೆಳಗೆ, ಮೀನಿನ ಮೂಗು ಮೇಲೆ. ಮೂಗಿನ ಪಕ್ಕ ಎರಡು ನಿಜವಾದ ಮೀನುಗಳಿದ್ದವು. ಮೂರೂ ಒಂದೇ ಸಾಲಿನಲ್ಲಿ ಬಾಲ ಅಲ್ಲಾಡಿಸುತ್ತಿದ್ದವು.

ಯಾರೋ ಕುಚೋದ್ಯಕ್ಕೆ ತುರುಕಿದ್ದು ಎಂದುಕೊಂಡೆ. ಸುಂದರ ಕೂಳಿಯ ಕಟ್ಟು ಬಿಚ್ಚಿದ. ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಮೀನನ್ನು ಎರಡೂ ಕೈಯಲ್ಲಿ ಹೊರಗೆ ತೆಗೆದೆ. ಪಾಚಿ ಹಿಡಿದಿತ್ತು. ತೊಳೆಯೋಣ ಎಂದು ಮತ್ತೆ ನೀರಿಗೆ ಅದ್ದಿದೆ. ಆಗ ಅದು ಎಳೆಯಿತು.

ಇದನ್ನು ಹೇಗೆ ಹೇಳಲಿ? ನೀರು ಕೆಳಕ್ಕೆ ಎಳೆಯುವುದು ಗೊತ್ತು, ಮೊಣಕಾಲಿಗೆ ಅದೇ ಸೆಳೆತ ಬಡಿಯುತ್ತಿತ್ತು. ಇದು ಮೇಲಕ್ಕೆ ಎಳೆಯಿತು. ಅಂಗೈಯೊಳಗೆ ಜೀವದ ಮೀನು ಕೊಸರುವ ಹಾಗೆಯೇ. ನನಗೆ ಹೆದರಿಕೆಯಾಯಿತು, ಕೈ ಬಿಟ್ಟೆ. ಬಿಟ್ಟದ್ದು ಕೆಳಗೆ ಹೋಗಲಿಲ್ಲ. ಒಂದು ಕಲ್ಲಿನ ಹಿಂದೆ ಅರೆಕ್ಷಣ ನಿಂತಿತು. ಆಮೇಲೆ ಎರಡು ಕಲ್ಲುಗಳ ನಡುವೆ, ನೊರೆ ಎದ್ದು ನೀರು ಧುಮುಕುವ ಜಾಗದಲ್ಲಿ, ನುಗ್ಗಿ ಮೇಲೆ ಹೋಯಿತು. ಮೂರು ಮಾರು ಹೋಗಿರಬಹುದು. ಸುಂದರ "ಹೋಯ್, ಹೋಯ್ತು ಹೋಯ್ತು" ಎಂದು ಓಡಿ, ಮುಂದೆ ಅಡ್ಡ ನಿಂತು ಬಾಲ ಹಿಡಿದ. ಅವನಿಗೆ ಇದರಲ್ಲಿ ಆಶ್ಚರ್ಯವೇ ಇರಲಿಲ್ಲ. ಮೀನು ಕೈತಪ್ಪಿತಲ್ಲ ಎಂಬ ಸಿಟ್ಟು ಮಾತ್ರ ಇತ್ತು. "ಹಿಡಿಯಲಿಕ್ಕೆ ಬರುವುದಿಲ್ಲವಾ ನಿಮಗೆ?" ಎಂದು ಬೈದ.

ನೀವು ಕೇಳುವ ಮೊದಲೇ ಹೇಳುತ್ತೇನೆ. ಹರಿವ ನೀರು ಕಲ್ಲಿಗೆ ಬಡಿದು ಹಿಂದೆ ಸುಳಿ ಕಟ್ಟುತ್ತದೆ. ಆ ಸುಳಿಯಲ್ಲಿ ಸತ್ತ ಮೀನು ಕೂಡ ಚೂರು ಮುಂದಕ್ಕೆ ಸರಿಯುವುದುಂಟು. ಇದು ಭೌತಶಾಸ್ತ್ರ, ನಾನೇ ಪಾಠ ಮಾಡಿದ್ದೇನೆ. ಆದರೆ ಸುಳಿಯಿಂದ ಹೊರಗೆ, ಧುಮುಕುವ ನೀರಿನ ಎದುರು? ಅದಕ್ಕೆ ನನ್ನ ಪಾಠದಲ್ಲಿ ಜಾಗವಿಲ್ಲ.

ರಾತ್ರಿ ಅದರ ಹೊಟ್ಟೆ ಬಿಚ್ಚಿ ದಾಖಲೆ ಓದಿದೆ. ಹನ್ನೊಂದು ದಿನದಲ್ಲಿ ಒಂದು ಸಲವೂ ಅದು ನೀರಿನಿಂದ ಹೊರಗೆ ಬಂದಿರಲಿಲ್ಲ. ಮೊದಲ ಸಲ ಹೊರಬಂದದ್ದು ನನ್ನ ಕೈಯಲ್ಲಿ, ಆ ಸಂಜೆ ನಾಲ್ಕರ ನಂತರ. ಬಾಲ ನಿಂತೇ ಇರಲಿಲ್ಲ, ವಿದ್ಯುತ್ ಹುಟ್ಟುತ್ತಲೇ ಇತ್ತು. ನೀರಿನ ಶಾಖ ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಇಳಿದಿತ್ತು, ಘಟ್ಟದ ಕಡೆ ಹೋದ ಹಾಗೆ ನೀರು ತಂಪಾಗುವಂತೆ. ಬಕೆಟಿನಲ್ಲಿಟ್ಟು ಸಾಗಿಸಿರಬಹುದೆ ಎಂದು ಯೋಚಿಸಿದೆ. ಹನ್ನೊಂದು ದಿನ ಹಗಲು ರಾತ್ರಿ ಬಕೆಟು ಕಲಕುತ್ತಾ ಕೂರುವಷ್ಟು ಪುರುಸೊತ್ತು ಯಾವ ಕಳ್ಳನಿಗಿದೆ?

ಬೆಳಿಗ್ಗೆ ಮುಖ್ಯಸ್ಥರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಸೆನ್ಸರ್ ಹಾಳಾಗಿದೆ, ಬಿಡಿ. ಬೆಳ್ತಂಗಡಿಯಲ್ಲಿ ಸಿಕ್ಕಿದ್ದು ಒಳ್ಳೆಯದಾಯಿತು, ಕಳವು ಸಾಬೀತಾಯಿತಲ್ಲ" ಎಂದರು. ಸೆನ್ಸರ್ ಹಾಳಾಗಿರಲಿಲ್ಲ, ನಾನು ಮೂರು ಸಲ ಪರೀಕ್ಷೆ ಮಾಡಿದ್ದೆ. "ಇದನ್ನು ಹೊರಗೆ ಹೇಳಿದರೆ ಕಾಲೇಜಿನ ಮರ್ಯಾದೆ ಹೋಗುತ್ತದೆ, ನಿಮ್ಮದಂತೂ ಹೋದ ಹಾಗೆಯೇ" ಎಂದೂ ಸೇರಿಸಿದರು. ಆ ಮನುಷ್ಯ ಜೀವನದಲ್ಲಿ ಹೇಳಿದ ಒಂದೇ ಒಂದು ಸರಿಯಾದ ಮಾತು ಅದು.

ನಾನು ಮೂರು ದಿನ ಸುಮ್ಮನೆ ಕುಳಿತೆ. ಸುಳ್ಳು ಹೇಳುವುದಿಲ್ಲ, ಮರ್ಯಾದೆಗೆ ಹೆದರಿ ಕುಳಿತೆ. ಊರೂರಿಗೆ ಹೋಗಿ ಮೂಢನಂಬಿಕೆಯ ವಿರುದ್ಧ ಭಾಷಣ ಬಿಗಿದವಳು ಠಾಣೆಯಲ್ಲಿ ನಿಂತು, ಮೀನು ತಾನೇ ಉಬರ್ ಏರಿತು ಎನ್ನಬೇಕೆ? ಹೇಳದಿದ್ದರೆ ಅಪ್ಪ ಮಗ ಕಳ್ಳರಾಗಿಯೇ ಉಳಿಯುತ್ತಾರೆ. ನನ್ನ ಮೇಜಿನ ಮೇಲೆ ಅವರು ಕದ್ದಿಲ್ಲ ಎಂಬ ಸಾಕ್ಷಿ ಇತ್ತು, ನನ್ನದೇ ಸರ್ಕ್ಯೂಟು ಬರೆದದ್ದು. ಮೂರು ದಿನ!

ನಾಲ್ಕನೇ ದಿನ ಠಾಣೆಗೆ ಹೋಗಿ, 'ಸಾಧನ ನೀರಿನಲ್ಲಿ ಹೋಗಿ ಸಿಕ್ಕಿದೆ, ಕಳವಾಗಿಲ್ಲ, ದೂರು ಹಿಂತೆಗೆದುಕೊಳ್ಳುತ್ತೇನೆ' ಎಂದು ಬರೆದೆ. ಎಲ್ಲಿ ಸಿಕ್ಕಿದ್ದು ಎಂದು ಬರೆಯಲಿಲ್ಲ. ಠಾಣೆಯ ರೈಟರ್ ಪೆನ್ನು ಕೆಳಗಿಟ್ಟು ಅದನ್ನೇ ಕೇಳಿದರು.

"ಬೆಳ್ತಂಗಡಿ ಆಚೆ" ಎಂದೆ.

"ನೀರಿನಲ್ಲಿ ಹೋದದ್ದಾ?"

"ಹೌದು."

"ಬಂಟ್ವಾಳದಿಂದ ಬೆಳ್ತಂಗಡಿಗೆ, ನೀರಿನಲ್ಲಿ?"

"ಹೌದು. ಹಾಗೇ ಬರೆದುಕೊಳ್ಳಿ."

ಅವರು ಬರೆದುಕೊಂಡರು. ಪಾಪ, ನಗಲಿಲ್ಲ. ಆಮೇಲೆ ನಕ್ಕವರಿಗೆ ಲೆಕ್ಕವಿಲ್ಲ. ಕಾಲೇಜಿನಲ್ಲಿ ನನಗೆ ಉಬರ್ ಮೇಡಂ ಎಂದು ಹೆಸರು ಬಿತ್ತು. ಮಳೆ ಬಂದ ದಿನ ಬೋರ್ಡಿನ ಮೇಲೆ ಮೀನಿನ ಚಿತ್ರ ಇರುತ್ತಿತ್ತು. ನಕ್ಕರೆ ನಗಲಿ, ನಾನೇ ಕಲಿಸಿದ್ದಲ್ಲವೆ ಹಾಗೆ ನಗುವುದನ್ನು.

ಕ್ಲಿಯರೆನ್ಸ್ ಕಾಗದ ಜುಲೈ ಎರಡಕ್ಕೆ ಬಂತು. ಏಜೆಂಟ್ ಹಿಂದಿನ ದಿನವೇ ಆ ಕೆಲಸವನ್ನು ಉಪ್ಪಿನಂಗಡಿ ಕಡೆಯ ಯಾರಿಗೋ ಕೊಟ್ಟುಬಿಟ್ಟಿದ್ದ. ನಾನು ಸುಮ್ಮನೆ ಕುಳಿತ ಮೂರು ದಿನ ಎಲ್ಲಿಗೆ ಹೋಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ವಿಷಯ ತಿಳಿದ ದಿನ ಅವರ ಮನೆಗೆ ಹೋದೆ. ರಫೀಕ್ ಒಳಗಿದ್ದ, ಹೊರಗೆ ಬರಲಿಲ್ಲ. ಉಮ್ಮರಾಕ ಜಗಲಿಯಲ್ಲಿ ಕುರ್ಚಿ ಹಾಕಿಕೊಟ್ಟು, ಒಳಗೆ ಕೂಗಿ ಚಹಾ ತರಿಸಿದರು. ನಾನು ತಪ್ಪಾಯಿತು ಎಂದೆ. ಮೀನು ಸಿಕ್ಕಿದ ಜಾಗ, ಕೂಳಿ, ದಾಖಲೆ ಎಲ್ಲವನ್ನೂ ಹೇಳಿದೆ. ಗಂಟು ಹೇಗೆ ಬಿಚ್ಚಿತು ಎಂದು ಅವರನ್ನೇ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ. ಮುಖ ಮೇಲೆ ಮಾಡಿದರೆ ಹೋಗುತ್ತದೆ ಎಂದು ಯಾಕೆ ಹೇಳಿದಿರಿ ಎಂದರೆ, "ಮೀನಿನ ಹಾಗೆ ಉಂಟಲ್ಲ, ಅದಕ್ಕೆ ಹೇಳಿದೆ" ಎಂದರು. ಅಷ್ಟೇ ಅವರ ವಿಜ್ಞಾನ. ಆಮೇಲೆ ಅವರೇ ಕೇಳಿದರು.

"ಹಾಗಾದ್ರೆ ಅದು ಹೋದದ್ದು ಹೇಗೆ ಟೀಚರೇ? ನೀವು ಕಲಿತವರು, ನೀವು ಹೇಳಿ."

"ಗೊತ್ತಿಲ್ಲ ಉಮ್ಮರಾಕ. ನನಗೆ ನಿಜವಾಗಿಯೂ ಗೊತ್ತಿಲ್ಲ."

ಈಗಲೂ ಗೊತ್ತಿಲ್ಲ. ಆ ಮೀನನ್ನು ಎಷ್ಟು ಸಲ ನೀರಿಗೆ ಬಿಟ್ಟು ನೋಡಿದೆನೋ, ಒಮ್ಮೆಯೂ ಮತ್ತೆ ಮೇಲಕ್ಕೆ ಹೋಗಲಿಲ್ಲ. ಪ್ರತಿ ಸಲವೂ ತೆಂಗಿನಕಾಯಿಯ ಹಾಗೆ ಕೆಳಗೆ ತೇಲಿತು. ಓದಿದವರನ್ನು ಕೇಳಿದೆ, ಅವರು ಮುಖ್ಯಸ್ಥರ ಹಾಗೆಯೇ ಸೆನ್ಸರಿನ ಕಡೆ ಬೆರಳು ತೋರಿಸಿದರು. ನಿಮಗೆ ಏನಾದರೂ ಹೊಳೆದರೆ ಹೇಳಿ, ಕೇಳುತ್ತೇನೆ.

ಆ ದಿನ ನನ್ನ ಮಾತು ಕೇಳಿ ಉಮ್ಮರಾಕ ಲೋಟವನ್ನು ಕೆಳಗಿಟ್ಟರು. ಸ್ವರ ಏರಿಸಲಿಲ್ಲ.

"ಇದನ್ನೇ ಆ ದಿನ ಠಾಣೆಯಲ್ಲಿ ಹೇಳ್ಬಹುದಿತ್ತಲ್ಲ ಟೀಚರೇ, ಗೊತ್ತಿಲ್ಲ ಅಂತ. ಕಳ್ಳರು ಅಂತ ಬರೆಯುವ ಬದಲು."

ಒಳಗಿನಿಂದ ರಫೀಕ್ ಕೆಮ್ಮಿದ್ದು ಕೇಳಿಸಿತು. ನಾನು ಚಹಾ ಮುಗಿಸದೆ ಎದ್ದುಬಂದೆ.